ಹೊಗೆ ಕಾಣಲ್ಲ, ಉಸಿರು ಮಾತ್ರ ಕಟ್ಟುತ್ತೆ: ಮಧ್ಯಾಹ್ನದ ಓಝೋನ್ ಬಗ್ಗೆ ಗೊತ್ತಿರಲಿ

ಓಝೋನ್ ಅಂದ್ರೆ ನಮಗೆಲ್ಲ ನೆನಪಾಗೋದು ಶಾಲೆ ಪಾಠ. ಆಕಾಶದಲ್ಲಿ ಮೇಲೆಲ್ಲೋ ಒಂದು ಪದರ ಇದೆ, ಸೂರ್ಯನ ಅತಿನೇರಳೆ ಕಿರಣ ತಡೆಯುತ್ತೆ ಅಂತ. ಅದು ಸರಿಯೇ. ಆದರೆ ಅದೇ ಅನಿಲ ನಾವು ಉಸಿರಾಡೋ ಎತ್ತರದಲ್ಲಿ ಹುಟ್ಟಿದ್ರೆ ಶ್ವಾಸಕೋಶಕ್ಕೆ ಹಾನಿ. ಇದನ್ನು ನೆಲಮಟ್ಟದ ಓಝೋನ್ ಅಂತಾರೆ.

ಇದು ಯಾವ ಸೈಲೆನ್ಸರ್‌ನಿಂದಲೂ ನೇರವಾಗಿ ಬರಲ್ಲ. ಬಸ್ಸು, ಲಾರಿ, ಜನರೇಟರ್ ಬಿಡುವ ನೈಟ್ರೋಜನ್ ಆಕ್ಸೈಡ್‌ಗಳು, ಪೆಟ್ರೋಲ್, ಪೇಂಟ್, ಥಿನ್ನರ್‌ನಿಂದ ಏಳುವ ಆವಿ ಇವೆಲ್ಲ ಬಿಸಿಲಿಗೆ ಸಿಕ್ಕಿ ಓಝೋನ್ ತಯಾರಾಗುತ್ತೆ. ಹಾಗಾಗಿ ಬೆಳಗ್ಗೆ ಕಡಿಮೆ, ಮಧ್ಯಾಹ್ನ 12ರಿಂದ ಸಂಜೆ 4ರ ಆಸುಪಾಸು ಜಾಸ್ತಿ. ನಮ್ಮ ಕಡೆ ಬೇಸಿಗೆಯೇ ಇದರ ಸೀಸನ್. ಮಳೆ ಹಿಡಿದು ಮೋಡ ಮುಚ್ಚಿದ್ರೆ ಇಳಿಯುತ್ತೆ.

"ಮಾಲಿನ್ಯ ಬೆಂಗಳೂರಿನವರ ತಲೆನೋವು, ನಮಗೇನು" ಅನ್ನೋ ಮಾತು ಇಲ್ಲಿ ನಡೆಯಲ್ಲ. ವಾಹನ ಕಿಕ್ಕಿರಿದ ರಸ್ತೆಯಲ್ಲಿ ಆಗಷ್ಟೇ ಹೊರಬಂದ ನೈಟ್ರಿಕ್ ಆಕ್ಸೈಡ್ ಅಲ್ಲಿನ ಓಝೋನನ್ನು ತಿಂದು ಹಾಕುತ್ತೆ. ಅದೇ ಗಾಳಿ ಊರು ದಾಟಿ ಹತ್ತಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಓಝೋನ್ ಮತ್ತೆ ಕಟ್ಟಿಕೊಳ್ಳುತ್ತೆ. ಎಷ್ಟೋ ಸಲ ಸಿಟಿ ಸರ್ಕಲ್‌ಗಿಂತ ಗಾಳಿ ಬೀಸೋ ದಿಕ್ಕಿನ ಹಳ್ಳಿಯಲ್ಲೇ ಪ್ರಮಾಣ ಹೆಚ್ಚಿರುತ್ತೆ.

ದೇಹದೊಳಗೆ ಏನು ಮಾಡುತ್ತೆ? ಓಝೋನ್ ನೀರಿನಲ್ಲಿ ಅಷ್ಟಾಗಿ ಕರಗಲ್ಲ. ಮೂಗು, ಗಂಟಲಿನ ತೇವಕ್ಕೆ ಪೂರ್ತಿ ಸಿಗದೆ ಸಣ್ಣ ಶ್ವಾಸನಾಳಗಳ ತನಕ ಇಳಿದು ಒಳಪದರವನ್ನು ಊದಿಸುತ್ತೆ. ಒಣ ಕೆಮ್ಮು, ಗಂಟಲು ಕೆರೆತ, ಉದ್ದಕ್ಕೆ ಉಸಿರು ಎಳೆದ್ರೆ ಎದೆಯಲ್ಲಿ ನೋವು, ಇದು ಆರೋಗ್ಯವಂತರಿಗೂ ಬರಬಹುದು. ನೋವು ನಿಂತ ಮೇಲೂ ಒಳಗಿನ ಊತ ಉಳಿದಿರಬಹುದು. ಅಸ್ತಮಾ ಇದ್ದವರಿಗೆ ಅಟ್ಯಾಕ್ ಬರೋದು ಹೆಚ್ಚಾಗುತ್ತೆ. ವರ್ಷಗಟ್ಟಲೆ ಉಸಿರಾಡಿದ್ರೆ ದೀರ್ಘಕಾಲದ ಶ್ವಾಸಕೋಶ ಕಾಯಿಲೆ (ಸಿಒಪಿಡಿ) ಇರುವವರ ಸಾವಿಗೂ ಕಾರಣ ಆಗುತ್ತೆ. 2019ರಲ್ಲಿ ದೇಶದಲ್ಲಿ ಹೀಗೆ ಸುಮಾರು 1.7 ಲಕ್ಷ ಜನ ತೀರಿಹೋದರು ಅನ್ನೋದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು.

ಅಮೆರಿಕದ ಲಾಸ್ ಏಂಜಲೀಸ್‌ನ ಹೊಗೆಮಂಜಿನ ಗುಟ್ಟು ಬಿಡಿಸಿದ ವಿಜ್ಞಾನಿ ಹಾಗೆನ್-ಸ್ಮಿಟ್ ಈ ಅನಿಲ ಅಳೆಯೋಕೆ ರಬ್ಬರ್ ಪಟ್ಟಿಯಲ್ಲಿ ಬೀಳೋ ಬಿರುಕನ್ನೇ ನೋಡ್ತಿದ್ದರು. ರಬ್ಬರನ್ನೇ ಸೀಳೋ ಅನಿಲ ಅಂದ್ಮೇಲೆ ಶ್ವಾಸಕೋಶದ ಗತಿ ನೀವೇ ಊಹಿಸಿ.

ಮೈಬಗ್ಗಿಸಿ ದುಡಿಯುವಾಗ ಉಸಿರು ಜೋರಾಗುತ್ತೆ, ಒಳಗೆ ಹೋಗೋ ಓಝೋನೂ ಜಾಸ್ತಿ ಆಗುತ್ತೆ. ಹಮಾಲರು, ಗಾರೆ ಕೆಲಸದವರು, ತಳ್ಳುಗಾಡಿಯವರು, ರಜೆಯಲ್ಲಿ ಮಟಮಟ ಮಧ್ಯಾಹ್ನ ಕ್ರಿಕೆಟ್ ಆಡೋ ಮಕ್ಕಳು ಮೊದಲು ಸಿಕ್ಕಿಬೀಳ್ತಾರೆ. ಲೋಡ್ ಇಳಿಸೋ ಕೆಲಸವನ್ನು ಬೆಳಗ್ಗೆಗೆ ಹಾಕಿಕೊಳ್ಳೋದು ಅಂಗಡಿಯವರ ಕೈಯಲ್ಲೇ ಇದೆ. ಮಧ್ಯಾಹ್ನ ಒಳಗೆ ಕೂತರೂ ಪ್ರಮಾಣ ಕಡಿಮೆ ಆಗುತ್ತೆ. ಮಾಸ್ಕ್ ನಂಬಬೇಡಿ. ಬಟ್ಟೆ ಮಾಸ್ಕ್ ಇರಲಿ, ಎನ್-95 ಇರಲಿ, ಧೂಳು ತಡೆಯುತ್ತೆ, ಅನಿಲ ತಡೆಯಲ್ಲ. ಇನ್‌ಹೇಲರ್ ಬಳಸೋರು ಜೇಬಲ್ಲಿ ಇಟ್ಕೊಂಡೇ ಹೊರಡಿ. ಉಸಿರು ಕಟ್ಟಿದ್ರೆ ಬಿಸಿಲಿನ ಸುಸ್ತು ಅಂತ ಮಜ್ಜಿಗೆ ಕುಡಿದು ಮಲಗದೆ ಆಸ್ಪತ್ರೆಗೆ ಹೋಗಿ.

ದೇಶದ ಮಾನದಂಡದಲ್ಲಿ 8 ಗಂಟೆಗಳ ಸರಾಸರಿ ಮಿತಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ, 1 ಗಂಟೆಗೆ 180. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಹತ್ತಿರದ ಮಾಪನ ಕೇಂದ್ರದ ಲೆಕ್ಕ ನೋಡಬಹುದು.

ಕೊನೆಗೆ ಜೆರಾಕ್ಸ್ ಅಂಗಡಿಯವರಿಗೆ ಒಂದು ಮಾತು. ಹಳೇ ಮಾದರಿಯ ಮಷಿನ್ ಜೋರಾಗಿ ಓಡುವಾಗ ಮೂಗಿಗೆ ಬಡಿಯೋ ಆ ಚುರುಕು ವಾಸನೆಯೂ ಓಝೋನೇ. ಸಣ್ಣ ಮಳಿಗೆಯಾದ್ರೆ ಹಿಂದಿನ ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. 'ಓಝೋನ್ ಬಿಟ್ಟು ಗಾಳಿ ಶುದ್ಧ ಮಾಡುತ್ತೆ' ಅಂತ ಮಾರೋ ಯಂತ್ರವನ್ನಂತೂ ಜನ ಇರೋ ಕೋಣೆಯಲ್ಲಿ ಇಡಲೇಬೇಡಿ.