ಒಂದೇ ನೊಗ, ಎರಡು ಎಂಜಿನ್

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಎರಡು ಪ್ರಾಣಿಗಳ ಬಲದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಎರಡರ ಕೊರಳಿಗೂ ಒಂದೇ ನೊಗ ಬಿದ್ದಿದೆ, ತೊಂದರೆ ಅಷ್ಟೇ. ಒಂದು ಗಾಡಿಗೆ ಎರಡು ಎಂಜಿನ್ ಕಟ್ಟಿದ ದಿನದಿಂದ ರೈಲ್ವೆಗೂ ಇದೇ ತೊಂದರೆ. ತಂತ್ರಜ್ಞಾನದ ಇತಿಹಾಸವನ್ನು ಸಂಶೋಧನೆಗೆ ಆಯ್ದುಕೊಂಡಿರುವ ನನಗೆ ಈ ಸಮಸ್ಯೆಯ ಅತ್ಯಂತ ಕಠಿಣ ರೂಪ ಕಂಡದ್ದು ಮಾತ್ರ ಯಾವ ಘಾಟಿಯಲ್ಲೂ ಅಲ್ಲ, ಮೇಜಿನ ಮೇಲೆ ಓಡುವ ಮಾದರಿ ರೈಲಿನಲ್ಲಿ.

ಮೊದಲು ಘಾಟಿಯಿಂದಲೇ ಹೊರಡೋಣ. ಕ್ಯಾಸಲ್ ರಾಕ್‌ನಿಂದ ಗೋವೆಯ ಕುಳೆಗೆ ಇಳಿಯುವ ಹಳಿಯ ಇಳಿಜಾರು 37ಕ್ಕೆ 1. ಇಂಥ ಏರಿನಲ್ಲಿ ಒಂದು ಎಂಜಿನ್ ಸಾಲದೆ ಹಿಂದಿನಿಂದ ತಳ್ಳಲು ‘ಬ್ಯಾಂಕರ್’ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಉಗಿಯ ಕಾಲದಲ್ಲಿ ಎಂಜಿನ್ ಒಂದೊಂದಕ್ಕೂ ಬೇರೆ ಚಾಲಕ, ಬೇರೆ ಫೈರ್‌ಮನ್. ಮುಂದಿನವನ ಮುಖ ಹಿಂದಿನವನಿಗೆ ಕಾಣದು. ಸೀಟಿಯ ಸಂಕೇತ, ಕಪ್ಲಿಂಗ್ ಬಿಗಿಯಾದಾಗ ಸಡಿಲವಾದಾಗ ಕಾಲಡಿಗೆ ತಾಗುವ ಅದುರು, ಇವೇ ಅವರ ನಡುವಿನ ಮಾತು. ವೇಗ ಹೊಂದಿಸುವ ಯಂತ್ರ ಮನುಷ್ಯನೇ ಆಗಿದ್ದ.

ಈ ವ್ಯವಸ್ಥೆಯನ್ನು ಬದಲಿಸಿದವನು ಅಮೆರಿಕದ ಫ್ರಾಂಕ್ ಸ್ಪ್ರೇಗ್. 1888ರಲ್ಲಿ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮ್ ಓಡಿಸಿ ಹೆಸರು ಮಾಡಿದ್ದ ಅವನು ಆಮೇಲೆ ಲಿಫ್ಟ್ ತಯಾರಿಕೆಗೆ ಇಳಿದ. ಹಲವು ಲಿಫ್ಟ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸಬಹುದಾದರೆ ಹಲವು ಬೋಗಿಗಳನ್ನೇಕೆ ಆಗದು ಎಂಬುದು ಅವನ ತರ್ಕ. ಷಿಕಾಗೋದ ಸೌತ್ ಸೈಡ್ ಎಲಿವೇಟೆಡ್ ರೈಲ್ವೆಗಾಗಿ 1897ರಲ್ಲಿ ಅವನು ಇದನ್ನು ಮಾಡಿ ತೋರಿಸಿದ. ಪ್ರತಿ ಬೋಗಿಗೂ ತನ್ನದೇ ಮೋಟಾರು. ಎಲ್ಲಕ್ಕೂ ಆಜ್ಞೆ ಹೋಗುವುದು ಮುಂದಿನ ಒಬ್ಬನ ಕೈಯಿಂದ, ತಂತಿಯ ಮೂಲಕ. 1939ರಲ್ಲಿ ಬಂದ ಎಲೆಕ್ಟ್ರೋ-ಮೋಟಿವ್ ಕಂಪನಿಯ ‘ಎಫ್‌ಟಿ’ ಡೀಸೆಲ್ ಇದೇ ತತ್ವವನ್ನು ಸರಕು ಗಾಡಿಗೆ ತಂದಿತು: ತಲಾ 1350 ಅಶ್ವಶಕ್ತಿಯ ನಾಲ್ಕು ಘಟಕ, ಒಬ್ಬ ಚಾಲಕ. ಪ್ರತಿ ಘಟಕಕ್ಕೂ ಪ್ರತ್ಯೇಕ ಸಿಬ್ಬಂದಿ ಬೇಕೆಂದು ಕಾರ್ಮಿಕ ಸಂಘಗಳು ಕೇಳಬಹುದೆಂಬ ಅಂಜಿಕೆಯಿಂದ ಕೆಲವು ರೈಲ್ವೆಗಳು ನಾಲ್ಕಕ್ಕೂ ಸೇರಿಸಿ ಒಂದೇ ಎಂಜಿನ್ ಸಂಖ್ಯೆ ಕೊಟ್ಟವು. ಸಂಖ್ಯೆ ಬರೆಯುವ ಬಣ್ಣದ ಡಬ್ಬಿಯಲ್ಲೂ ಕೂಲಿಯ ರಾಜಕೀಯವಿತ್ತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಆಜ್ಞೆ ಒಂದೇ ಆದ ಮಾತ್ರಕ್ಕೆ ಎಂಜಿನ್‌ಗಳು ಒಂದೇ ರೀತಿ ನಡೆಯುತ್ತವೆಯೇ? ನಡೆಯಬೇಕಾಗಿಯೇ ಇರಲಿಲ್ಲ. ಆ ಕಾಲದ ಡಿ.ಸಿ. ಸೀರೀಸ್ ಮೋಟಾರಿನ ಗುಣವೇ ಹಾಗೆ: ವೇಗ ಏರಿದರೆ ಅದು ಎಳೆದುಕೊಳ್ಳುವ ವಿದ್ಯುತ್ತು ಇಳಿಯುತ್ತದೆ, ಜತೆಗೆ ಎಳೆತವೂ ಇಳಿಯುತ್ತದೆ. ವೇಗ ತಗ್ಗಿದರೆ ಎಳೆತ ಹೆಚ್ಚುತ್ತದೆ. ಹಾಗಾಗಿ ಜೋಡಿಸಿದ ಎಂಜಿನ್‌ಗಳು ಹೊರೆಯನ್ನು ತಾವೇ ಹಂಚಿಕೊಳ್ಳುತ್ತವೆ. ಒಂದು ಸ್ವಲ್ಪ ಸೋತರೆ ಇನ್ನೊಂದು ಅದನ್ನು ನಡೆಸಿಕೊಂಡು ಹೋಗುತ್ತದೆ.

ಮಾದರಿ ಎಂಜಿನ್‌ಗೆ ಈ ಔದಾರ್ಯವಿಲ್ಲ. ಕಾರಣ ಅದರ ಹೊಟ್ಟೆಯಲ್ಲಿರುವ ವರ್ಮ್ ಗೇರ್. ತಿರುಪಿನಂಥ ಈ ಹಲ್ಲು ಚಕ್ರವನ್ನು ತಿರುಗಿಸಬಲ್ಲದು. ಚಕ್ರ ಮಾತ್ರ ಸಾಮಾನ್ಯವಾಗಿ ಅದನ್ನು ತಿರುಗಿಸಲಾರದು. ನಿಧಾನದ ಎಂಜಿನ್ನನ್ನು ವೇಗದ್ದು ಎಳೆಯಹೊರಟರೆ ಚಕ್ರಗಳು ಹಳಿಯ ಮೇಲೆ ಜಾರುತ್ತವೆ, ತಿರುವಿನಲ್ಲಿ ಬೋಗಿಗಳು ಹಳಿ ತಪ್ಪುತ್ತವೆ. ಹಳೆಯ ಡಿ.ಸಿ. ಪದ್ಧತಿಯಲ್ಲಿ ಹಳಿಗೆ ಹರಿಸಿದ ವೋಲ್ಟೇಜು ಅದರ ಮೇಲಿರುವ ಎಲ್ಲ ಎಂಜಿನ್‌ಗಳಿಗೂ ಸಮಾನ. ಆದರೆ ಒಂದೇ ವೋಲ್ಟೇಜಿಗೆ ಒಂದು ಓಡುತ್ತಿತ್ತು, ಇನ್ನೊಂದು ತೆವಳುತ್ತಿತ್ತು. ಹೊಂದುವ ಜೋಡಿ ಸಿಗುವವರೆಗೆ ಹುಡುಕುವುದೇ ಹವ್ಯಾಸಿಯ ಪಾಡು.

ಜರ್ಮನಿಯ ಲೆಂಝ್ ಕಂಪನಿಯ ವಿನ್ಯಾಸವನ್ನು ಆಧರಿಸಿ, 1935ರಲ್ಲಿ ಹುಟ್ಟಿದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ರೂಪಿಸಿದ ಡಿಸಿಸಿ ಮಾನದಂಡ ಈ ಗಂಟನ್ನು ಬಿಡಿಸಿತು. ಪ್ರತಿ ಎಂಜಿನ್ನಿಗೂ ಒಂದು ಡಿಕೋಡರ್, ಒಂದು ವಿಳಾಸ, ಬದಲಿಸಬಹುದಾದ ಕೆಲವು ಸಂಖ್ಯೆಗಳು. ಇವನ್ನು ಸಿವಿ ಎನ್ನುತ್ತಾರೆ. ಸಿವಿ 2 ಹೊರಡುವ ಘಳಿಗೆಯದು, 6 ನಡುವೇಗದ್ದು, 5 ಗರಿಷ್ಠ ವೇಗದ್ದು. ಇನ್ನೂ ಸೂಕ್ಷ್ಮವಾಗಿ ಹೊಂದಿಸಬೇಕಾದರೆ 67ರಿಂದ 94ರವರೆಗೆ 28 ಮೆಟ್ಟಿಲುಗಳ ಪಟ್ಟಿಯಿದೆ.

ಹೊಂದಿಸುವ ಕ್ರಮ ತಾಳ್ಮೆಯದು. ಎಂಜಿನ್‌ಗಳನ್ನು ಮೊದಲು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಬೇಕು. ತಣ್ಣಗಿರುವಾಗಿನ ನಡಿಗೆಯೇ ಬೇರೆ. ಅಳೆದ ದೂರವನ್ನು ಕ್ರಮಿಸುವ ಹೊತ್ತನ್ನು ಎಣಿಸಬೇಕು. 1:87ರ ಪ್ರಮಾಣದಲ್ಲಿ ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಕೊನೆಗೆ ಎರಡನ್ನೂ ಕಪ್ಲಿಂಗ್ ಇಲ್ಲದೆ, ಗೇಣು ಅಂತರ ಬಿಟ್ಟು ಒಂದೇ ಸುತ್ತಿನಲ್ಲಿ ಓಡಿಸಿ ಅಂತರ ಹಿಗ್ಗುತ್ತದೆಯೋ ಕುಗ್ಗುತ್ತದೆಯೋ ನೋಡಬೇಕು. ಅಳತೆಗೋಲು ಯಾವಾಗಲೂ ನಿಧಾನದ ಎಂಜಿನ್. ಅದರ ಶಕ್ತಿಯ ಮಿತಿಯನ್ನು ಹಿಗ್ಗಿಸಲಾಗದು, ವೇಗದ್ದನ್ನು ತಗ್ಗಿಸಬಹುದು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಎರಡು ಬಗೆಯ ಸಮಾನತೆ ಕಾಣುತ್ತದೆ. ಸ್ಪ್ರೇಗ್‌ನ ತಂತಿ ಎಲ್ಲರಿಗೂ ಒಂದೇ ಆಜ್ಞೆ ಕೊಟ್ಟಿತು. ಉಳಿದ ವ್ಯತ್ಯಾಸವನ್ನು ಮೋಟಾರುಗಳು ನುಂಗಿಕೊಂಡವು. ಡಿಕೋಡರ್ ಒಂದೊಂದಕ್ಕೂ ಬೇರೆ ಸಂಖ್ಯೆ ಕೊಡುತ್ತದೆ, ನಡಿಗೆ ಒಂದಾಗಲಿ ಎಂದು. ಹಿಂದಿನ ಎಂಜಿನ್ನಿನ ಚಾಲಕ ಒಂದು ಕಾಲಕ್ಕೆ ಮಾಡುತ್ತಿದ್ದುದೂ ಇದನ್ನೇ: ತನ್ನ ಎಂಜಿನ್ನಿನ ಗುಣ ಅರಿತು, ಮುಂದಿನದರ ಅದುರಿಗೆ ಕಾಲುಕೊಟ್ಟು ಹ್ಯಾಂಡಲ್ ಎಳೆಯುವುದು. ಎಫ್‌ಟಿ ಬಂದಾಗ ಅವನ ಜಾಗ ಲೆಕ್ಕದಿಂದ ಹೋಯಿತು. ಅವನ ಕೆಲಸ ಎಷ್ಟು ನಾಜೂಕಿನದಾಗಿತ್ತು ಎಂಬುದಕ್ಕೆ ಆ 28 ಸಂಖ್ಯೆಗಳೇ ಸಾಕ್ಷಿ.