ಕಳೆಯುವ ಲೆಕ್ಕದ ನಟ

ನಮ್ಮ ಬ್ಯಾಂಕಿನವರ ಭಾಷೆಯಲ್ಲಿ ಕಳೆಯುವುದೆಂದರೆ ಖರ್ಚು, ಇಲ್ಲವೇ ನಷ್ಟ. ಕಳೆದು ಕಳೆದೇ ನಾಟಕವನ್ನು ಬೆಳೆಸಿದ ಮನುಷ್ಯನೊಬ್ಬ ಇಟಲಿಯಲ್ಲಿದ್ದ. ಹೆಸರು ಕಾರ್ಮೆಲೊ ಬೆನೆ. ಮುಂಬಯಿಯಲ್ಲಿ ಇಷ್ಟು ವರ್ಷ ನಾಟಕ ನೋಡಿದ ನನಗೂ ಈತನ ಪರಿಚಯವಾದದ್ದು ತಡವಾಗಿಯೇ. ಆದರೆ ಒಮ್ಮೆ ಆ ದನಿ ಕಿವಿಗೆ ಬಿದ್ದಮೇಲೆ ಬಿಡಲಿಲ್ಲ ನೋಡಿ.

ಬೆನೆ ಹುಟ್ಟಿದ್ದು 1937ರಲ್ಲಿ, ಇಟಲಿಯ ದಕ್ಷಿಣದ ತುದಿಯಲ್ಲಿರುವ ಲೆಚ್ಚೆ ಹತ್ತಿರದ ಕಾಂಪಿ ಸಲೆಂತೀನಾ ಎಂಬ ಊರಿನಲ್ಲಿ. ತಂಬಾಕಿನ ಸೀಮೆ ಅದು. ಓದಿದ್ದು ಪಾದ್ರಿಗಳ ಶಾಲೆಯಲ್ಲಿ. ಆಮೇಲೆ ರೋಮಿಗೆ ಹೋಗಿ ಅಲ್ಲಿನ ರಾಷ್ಟ್ರೀಯ ನಾಟಕ ಅಕಾಡೆಮಿಗೆ ಸೇರಿದ, ಆದರೆ ಹೆಚ್ಚು ದಿನ ನಿಲ್ಲಲಿಲ್ಲ. 1959ರಲ್ಲಿ, ಇಪ್ಪತ್ತೆರಡರ ವಯಸ್ಸಿಗೆ, ಕಾಮುವಿನ 'ಕಲಿಗುಲ' ನಾಟಕದ ಮುಖ್ಯ ಪಾತ್ರದಲ್ಲಿ ರಂಗಕ್ಕೆ ಬಂದ. ಅಲ್ಲಿಂದ ಮುಂದೆ ತನ್ನ ನಾಟಕಗಳಿಗೆ ತಾನೇ ನಿರ್ದೇಶಕ. ಗಲಾಟೆ, ಟೀಕೆ, ಪೊಲೀಸರು ಎಲ್ಲವೂ ಬೆನ್ನಿಗೇ ಬಂದವು. 1963ರಲ್ಲಿ ಒಂದು ಪ್ರದರ್ಶನದ ರಂಪಾಟದಿಂದಾಗಿ ರೋಮಿನ ಆತನ ಪುಟ್ಟ ರಂಗಮಂದಿರವೇ ಮುಚ್ಚಿತು.

ನಡುವೆ ಕೆಲವು ವರ್ಷ ಸಿನಿಮಾ. 1967ರಲ್ಲಿ ಪಸೋಲಿನಿಯ 'ಈಡಿಪಸ್' ಚಿತ್ರದಲ್ಲಿ ಕ್ರಿಯಾನ್ ಆದ. ಮರುವರ್ಷ ತಾನೇ ಮಾಡಿದ 'ತುರ್ಕರ ಮಾತೆ'ಗೆ ವೆನಿಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಬಂತು. 1973ರ ಚಿತ್ರದ ಹೆಸರೇ 'ಒಂದು ಹ್ಯಾಮ್ಲೆಟ್ ಕಡಿಮೆ'! ಆಮೇಲೆ ಸಿನಿಮಾ ಬಿಟ್ಟು ರಂಗಕ್ಕೇ ಮರಳಿದ.

ಈಗ ಕಳೆಯುವ ಲೆಕ್ಕಕ್ಕೆ ಬರೋಣ. ಶೇಕ್ಸ್‌ಪಿಯರನನ್ನು ಎಲ್ಲರೂ ಆಡುತ್ತಾರೆ. ಬೆನೆ ಮಾಡಿದ್ದು ಬೇರೆ. ರೋಮಿಯೋವನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಮೂಲದಲ್ಲಿ ಬೇಗ ಸಾಯುವ ಗೆಳೆಯ ಮರ್ಕ್ಯೂಶಿಯೋ ಬೆಳೆಯತೊಡಗುತ್ತಾನೆ. 'ಮೂರನೇ ರಿಚರ್ಡ್'ನಿಂದ ರಾಜರು, ರಾಜಕುಮಾರರನ್ನೆಲ್ಲ ಕಳೆದ. ಉಳಿದದ್ದು ರಿಚರ್ಡ್ ಮತ್ತು ಹೆಂಗಸರು. ದರ್ಬಾರಿನ ಅಧಿಕಾರ ರಂಗದಿಂದ ಹೊರಟುಹೋಯಿತು. ಫ್ರಾನ್ಸಿನ ತತ್ತ್ವಜ್ಞಾನಿ ಜಿಲ್ ದೆಲ್ಯೂಜ್ ಇದನ್ನು ಕಂಡು ಬೆರಗಾಗಿ ಬರೆದ ಲೇಖನ, ಬೆನೆಯ ರಿಚರ್ಡ್ ಪಠ್ಯದ ಜೊತೆ 1978ರಲ್ಲಿ ಪುಸ್ತಕವಾಗಿ ಬಂತು.

ಇದು ಕ್ಲಾಸಿಕ್‌ಗಳಿಗೆ ಮಾಡಿದ ಅವಮಾನವಲ್ಲವೇ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬೊಲೊನ್ಯಾದ ಒಂದು ರಾತ್ರಿಯಲ್ಲಿ.

1980ರ ಆಗಸ್ಟ್ 2, ಶನಿವಾರ. ಬೊಲೊನ್ಯಾ ರೈಲು ನಿಲ್ದಾಣ ರಜೆಗೆ ಹೊರಟವರಿಂದ ತುಂಬಿತ್ತು. ಬೆಳಿಗ್ಗೆ 10.25ಕ್ಕೆ ಕಾಯುವ ಕೋಣೆಯಲ್ಲಿ ಬಾಂಬು ಸಿಡಿಯಿತು. ಸತ್ತವರು 85, ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಮುಂದೆ ನವ ಫ್ಯಾಸಿಸ್ಟರಿಗೆ ಶಿಕ್ಷೆಯಾಯಿತು. ಮುಂಬಯಿಯ ಲೋಕಲ್‌ನಲ್ಲಿ ಓಡಾಡುವ, 2006ರ ಜುಲೈ ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲ ವರ್ಷದ ಸ್ಮರಣೆಗೆ ನಗರಸಭೆ ಕರೆದದ್ದು ಈ ಗಲಾಟೆಯ ನಟನನ್ನು. ಆಕ್ಷೇಪಗಳೂ ಎದ್ದವು. 1981ರ ಜುಲೈ 31ರ ರಾತ್ರಿ ಬೆನೆ, 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರದಿಂದ ಡಾಂಟೆಯನ್ನು ಓದಿದ. ಪಕ್ಕದಲ್ಲೇ ವಾಲಿ ನಿಂತ ಗಾರಿಸೆಂದಾ ಗೋಪುರ. ಅದರ ಹೆಸರು ಡಾಂಟೆಯ ಕಾವ್ಯದಲ್ಲೇ ಬರುತ್ತದೆ. ಕೆಳಗೆ ಬೀದಿಗಳಲ್ಲಿ ಸಾವಿರಾರು ಜನ. ಅಷ್ಟು ಎತ್ತರದಲ್ಲಿದ್ದ ನಟ ಅವರಿಗೆ ಕಾಣುವುದಾದರೂ ಹೇಗೆ? ಕೇಳಿಸಿದ್ದು ಧ್ವನಿವರ್ಧಕಗಳಿಂದ ಬಂದ ದನಿ ಮಾತ್ರ. ಮುಖ, ವೇಷ, ರಂಗಸಜ್ಜಿಕೆ ಎಲ್ಲವನ್ನೂ ಕಳೆದಾಗಿತ್ತು. ಉಳಿದದ್ದು ಫ್ರಾಂಚೆಸ್ಕಾ, ಯುಲಿಸಿಸ್, ಮತ್ತು ಉಸಿರು.

ಆ ಓದನ್ನು ಆತ ಅರ್ಪಿಸಿದ್ದು ಸತ್ತವರಿಗಲ್ಲ, ಗಾಯಗೊಂಡವರಿಗೆ. ಇದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಸತ್ತವರ ಹೆಸರಿಗೆ ಕಲ್ಲು ನೆಡುತ್ತೇವೆ, ವರ್ಷಕ್ಕೊಮ್ಮೆ ಹೂವಿಡುತ್ತೇವೆ. ಬದುಕಿ ಉಳಿದು, ಕಾಲೆಳೆದುಕೊಂಡು ಮತ್ತೆ ಅದೇ ನಿಲ್ದಾಣಕ್ಕೆ ಬರಬೇಕಾದವನನ್ನು ಯಾರು ನೆನೆಯುತ್ತಾರೆ? ಶೇಕ್ಸ್‌ಪಿಯರನ ಅರಸರನ್ನು ಕಳೆದು ಬದಿಯಲ್ಲಿದ್ದವರಿಗೆ ಜಾಗ ಮಾಡಿದವನು, ಇಲ್ಲಿಯೂ ಅದನ್ನೇ ಮಾಡಿದನಲ್ಲವೇ?

ಬೆನೆ 2002ರ ಮಾರ್ಚ್ 16ರಂದು ರೋಮಿನಲ್ಲಿ ತೀರಿಕೊಂಡ. ಡಾಂಟೆ ಓದಿನ ಧ್ವನಿಮುದ್ರಣ ಉಳಿದಿದೆ. ಇಟಾಲಿಯನ್ ಬಾರದಿದ್ದರೂ ಚಿಂತೆಯಿಲ್ಲ, ನನಗೂ ಬಾರದು. ರಾತ್ರಿ ಗಲಾಟೆ ಅಡಗಿದಮೇಲೆ ಒಮ್ಮೆ ಕೇಳಿ.