ಕಣ್ಣಿಗೆ ತಕ್ಕ ಲೇಸರ್, ಕೈಯಲ್ಲಿರಬೇಕಾದ ದಾಖಲೆ: ಚಾಮರಾಜನಗರ–ಗುಂಡ್ಲುಪೇಟೆಯ ನೆಲೆಯಿಂದ ಒಂದು ವಿವೇಚನೆ

‘ಕಸ್ಟಮೈಸ್ಡ್ ಲೇಸಿಕ್’ ಎಂಬ ಹೆಸರಿನ ದೃಷ್ಟಿ ತಿದ್ದುಪಡಿಯನ್ನು ಸಾಮಾನ್ಯವಾಗಿ ಯಂತ್ರದ ಕಡೆಯಿಂದಲೇ ವಿವರಿಸುತ್ತಾರೆ. ಪ್ರತಿ ಕಣ್ಣಿಗೂ ಅದರದೇ ನಕ್ಷೆ, ನಕ್ಷೆಗೆ ತಕ್ಕ ಕಿರಣ ಎಂಬುದು ಅದರ ಹೆಗ್ಗಳಿಕೆ. ಈ ಲೇಖನ ಅದೇ ಸಂಗತಿಯನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಡೆಯಿಂದ ನೋಡುತ್ತದೆ. ಎರಡೂ ಊರಿನಿಂದ ಮೈಸೂರು ಸುಮಾರು 60 ಕಿ.ಮೀ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಲೇಸರ್ ಮಾಡಿಸಿಕೊಂಡು ಬಸ್ಸಿನಲ್ಲಿ ಊರಿಗೆ ಮರಳುವ ಹುಡುಗನ ಕಣ್ಣನ್ನು ಮುಂದಿನ ನಲವತ್ತು ವರ್ಷ ನೋಡಿಕೊಳ್ಳುವವರು ಬೇರೆ ವೈದ್ಯರು. ಆದ್ದರಿಂದ ಕಿರಣ ಎಷ್ಟು ನಿಖರ ಎಂಬುದರಷ್ಟೇ, ಅಳತೆಯ ದಾಖಲೆ ಯಾರ ಕೈಯಲ್ಲಿ ಉಳಿಯಿತು ಎಂಬುದೂ ಮುಖ್ಯ ಎಂಬುದು ನನ್ನ ವಾದ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿದ್ದ ಮದ್ರಾಸ್ ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಮೃದ್ವಸ್ಥಿಯ ಮೇಲೆ 193 ನ್ಯಾನೊಮೀಟರ್ ತರಂಗಾಂತರದ ಎಕ್ಸೈಮರ್ ಕಿರಣ ಬಿಟ್ಟು ನೋಡಿದರು. ಸುತ್ತಲಿನ ಭಾಗ ಸುಡಲಿಲ್ಲ, ಬೇಕಾದಷ್ಟೇ ಕೊರೆಯಿತು. ಅದನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾಕ್ಕೆ ತಂದವರು ನೇತ್ರತಜ್ಞ ಸ್ಟೀಫನ್ ಟ್ರೋಕೆಲ್, 1983ರಲ್ಲಿ. ಒಂದೊಂದು ಕಣ್ಣಿನ ಬೆಳಕಿನ ಅಲೆಯನ್ನೇ ಅಳೆದು ಅದರಂತೆ ಲೇಸಿಕ್ ಮಾಡುವ ಕ್ರಮ 1999ರಲ್ಲಿ ಜರ್ಮನಿಯ ಥಿಯೋ ಸೈಲರ್ ಅವರಿಂದ ಶುರುವಾಗಿ, 2002ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆಯಿತು.

ಆ ಅಳತೆಯ ಬಗೆ ಹೀಗೆ. ಗದ್ದವನ್ನು ಆಸರೆಯ ಮೇಲಿಟ್ಟು ಕೂತವರ ಕಣ್ಣಿನೊಳಗೆ ಸಣ್ಣ ಬೆಳಕು ಹೋಗಿ, ಅಕ್ಷಿಪಟಲದಿಂದ ಹೊರಳಿ ಬಂದು, ನೂರಾರು ಪುಟ್ಟ ಮಸೂರಗಳ ಜಾಲರಿಯನ್ನು ಹಾಯುತ್ತದೆ. ದೋಷವಿಲ್ಲದ ಕಣ್ಣಾದರೆ ಚುಕ್ಕೆಗಳೆಲ್ಲ ಸಾಲಾಗಿ ಬೀಳುತ್ತವೆ. ಯಾವ ಚುಕ್ಕೆ ಎಷ್ಟು ಸರಿದಿದೆ ಎಂಬುದೇ ಆ ಕಣ್ಣಿನ ದೋಷದ ಲೆಕ್ಕ. ಕನ್ನಡಕದ ಚೀಟಿಯಲ್ಲಿ ಬರೆಯಲಾಗದ ಸೂಕ್ಷ್ಮ ವಕ್ರತೆಗಳೂ ಇಲ್ಲಿ ಸಿಗುತ್ತವೆ. ಆದರೆ ಕೂತಾಗ ಅಳೆದ ಕಣ್ಣು ಮಲಗಿದಾಗ ತುಸು ತಿರುಗುತ್ತದೆ. ಸಿಲಿಂಡರ್ ಪವರ್ ಇದ್ದವರಲ್ಲಿ 15 ಡಿಗ್ರಿ ತಪ್ಪಿದರೆ ತಿದ್ದುಪಡಿಯ ಅರ್ಧ ವ್ಯರ್ಥ, 30 ಡಿಗ್ರಿ ತಪ್ಪಿದರೆ ಪೂರ್ತಿ ವ್ಯರ್ಥ. ಇದಕ್ಕೇ ಪಾಪೆಯ ಸುತ್ತಲಿನ ಬಣ್ಣದ ಪೊರೆಯ ಗೆರೆಗಳನ್ನು ಗುರುತು ಹಿಡಿದು ಕಿರಣವನ್ನು ಹೊಂದಿಸುತ್ತಾರೆ.

ಇಷ್ಟೆಲ್ಲ ಇದ್ದರೂ ಮೊದಲ ಪ್ರಶ್ನೆ ಕಾರ್ನಿಯಾ ಎಷ್ಟು ದಪ್ಪವಿದೆ ಎಂಬುದೇ. 6 ಮಿ.ಮೀ. ಅಗಲದ ಭಾಗದಲ್ಲಿ ಕನ್ನಡಕದ ಪವರ್ ಒಂದು ಡಯಾಪ್ಟರ್ ಇಳಿಸಲು ಸುಮಾರು 12 ಮೈಕ್ರಾನ್ ತೆಗೆಯಬೇಕು. 500 ಮೈಕ್ರಾನ್ ದಪ್ಪದ ಕಾರ್ನಿಯಾ, ಮೈನಸ್ 8 ಪವರ್ ಎಂದಿಟ್ಟುಕೊಳ್ಳಿ. ಲೇಸರ್‌ಗೆ 96, ಲೇಸಿಕ್‌ನಲ್ಲಿ ಕಿರಣ ಬಿಡುವ ಮುನ್ನ ಮೇಲೆತ್ತುವ ಕಾರ್ನಿಯಾದ ಪದರಕ್ಕೆ 110. ಒಟ್ಟು 206 ಹೋಗಿ 294 ಉಳಿಯಿತು. ಕನಿಷ್ಠ 250 ಉಳಿಯಬೇಕೆಂಬ ಹಳೆಯ ನಿಯಮದಲ್ಲಿ ಈ ಕಣ್ಣು ಪಾಸು. ಬದಲಾದ ಭಾಗ ಒಟ್ಟು ದಪ್ಪದ ಶೇ. 40 ಮುಟ್ಟಿದರೆ ಅಪಾಯ ಎಂಬ ಈಚಿನ ಲೆಕ್ಕದಲ್ಲಿ ಫೇಲು. ಸೂಕ್ಷ್ಮ ವಕ್ರತೆಯನ್ನೂ ತಿದ್ದುವ ಕಸ್ಟಮೈಸ್ಡ್ ವಿಧಾನ ಸಾಮಾನ್ಯವಾಗಿ ಇನ್ನೂ ಕೊಂಚ ಹೆಚ್ಚೇ ತೆಗೆಯುತ್ತದೆ. ಜಾಹೀರಾತಿನ ಕಾಗದದಲ್ಲಿ ಈ ವಿಷಯಕ್ಕೆ ಜಾಗವಿರುವುದಿಲ್ಲ.

ದಪ್ಪದ ಲೆಕ್ಕ ಯಂತ್ರ ಕೊಡುತ್ತದೆ. ಬದುಕಿನ ಲೆಕ್ಕವನ್ನು ಕೇಳಿಯೇ ತಿಳಿಯಬೇಕು. ಅಲರ್ಜಿಯ ತುರಿಕೆಗೆ ಚಿಕ್ಕಂದಿನಿಂದ ಕಣ್ಣುಜ್ಜುವವರಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಬರುವ ಕೆರಟೋಕೋನಸ್ ಇರಬಹುದು. ಅಂಥ ಕಣ್ಣಿಗೆ ಲೇಸಿಕ್ ಕೂಡದು. ಚಾಮರಾಜನಗರದ ಕರಿಕಲ್ಲು ಕ್ವಾರಿಯಲ್ಲಿ ದುಡಿಯುವವರಿಗೆ, ಕಬಡ್ಡಿ ಆಡುವವರಿಗೆ ಪೆಟ್ಟು ಬಿದ್ದರೆ ಎತ್ತಿಟ್ಟ ಪದರ ಸರಿಯುವ ಭಯ. ಪದರ ಎತ್ತದ ಪಿಆರ್‌ಕೆ ಅವರಿಗೆ ವಾಸಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಹಾಗಾಗಿ ಗುಂಡ್ಲುಪೇಟೆಯ ಚಾಲಕರು ಮುಸ್ಸಂಜೆಯಿಂದ ಒಂಬತ್ತರೊಳಗೆ ಗೇಟು ದಾಟುವ ಧಾವಂತದಲ್ಲಿರುತ್ತಾರೆ. ಕತ್ತಲಲ್ಲಿ ಪಾಪೆ ಹಿಗ್ಗಿ, ಲೇಸರ್ ತಿದ್ದಿದ ವಲಯದ ಅಂಚನ್ನು ಮೀರಿದರೆ ಎದುರು ಲಾರಿಯ ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಇಂಥವರ ಪಾಪೆಯನ್ನು ಮಂದ ಬೆಳಕಿನಲ್ಲೂ ಅಳೆದಿರಬೇಕು. ಇನ್ನು ರೈಲ್ವೆ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಮಾಡಿಸಿಕೊಂಡವರು ಅನರ್ಹರು. ನೌಕರಿಗೆಂದೇ ಕನ್ನಡಕ ತೆಗೆಸಲು ಹೊರಟವನಿಗೆ ಇದನ್ನು ಮುಂಚೆಯೇ ಯಾರಾದರೂ ಹೇಳಬೇಕಲ್ಲ?

   

ಕಾರ್ನಿಯಾ ಪದರ ಪದರವಾಗಿದೆ ಎಂಬುದನ್ನು ಈ ಸೀಮೆಯ ಜನ ಬೇರೊಂದು ದಾರಿಯಲ್ಲಿ ಬಲ್ಲರು. ಚಾಮರಾಜನಗರಕ್ಕೆ ತಾಗಿದ, ಈಗ ತಮಿಳುನಾಡಿನ ತಾಳವಾಡಿ ಭಾಗದಲ್ಲಿರುವ ಗಾಜನೂರಿನಲ್ಲಿ ಹುಟ್ಟಿದ ನಟ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅಗಲಿದ ಅವರ ಮಗ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಜೋಡಿಸಲಾಯಿತು. ಲೇಸಿಕ್ ಆದ ಕಣ್ಣು ದಾನಕ್ಕೆ ಬಾರದು ಎಂಬ ಮಾತು ಅರ್ಧ ಸತ್ಯ: ಮುಂಪದರ ಬಾರದು, ಆರೋಗ್ಯವಾಗಿದ್ದರೆ ಹಿಂಪದರ ಬರುತ್ತದೆ. ಲೇಸರ್ ಆಗಿರುವುದು ನೇತ್ರ ಬ್ಯಾಂಕಿಗೆ ಗೊತ್ತಿರಬೇಕು, ಅಷ್ಟೆ.

ದಾಖಲೆಯ ಕೊರತೆ ನಿಜವಾಗಿ ಕಾಡುವುದು ವಯಸ್ಸಾದ ಮೇಲೆ. ನಲವತ್ತು ದಾಟಿದಾಗ ಚಾಳೀಸು ಲೇಸರ್ ಆದವರನ್ನೂ ಬಿಡುವುದಿಲ್ಲ. ಅದಕ್ಕೆ ಓದುವ ಕನ್ನಡಕ ಸಾಕು. ಅರವತ್ತರ ಸುಮಾರಿಗೆ ಬರುವ ಪೊರೆಯ ಮಾತು ಬೇರೆ. ಬೀಳಗಿಯ ಡಾ. ಎಂ.ಸಿ. ಮೋದಿ (1916–2005) ನಾಡಿನುದ್ದಕ್ಕೂ ನಡೆಸಿದ ಸಾಮೂಹಿಕ ಶಿಬಿರಗಳ ಕಾಲದಿಂದ ನಮ್ಮ ಹಳ್ಳಿಗಳಿಗೆ ಕಣ್ಣಿನ ಆಪರೇಷನ್ ಎಂದರೆ ಪೊರೆಯ ಕ್ಯಾಂಪೇ. ಈಗ ಪೊರೆ ತೆಗೆದ ಮೇಲೆ ಕಣ್ಣೊಳಗೆ ಲೆನ್ಸ್ ಇಡುತ್ತಾರೆ. ಆ ಲೆನ್ಸಿನ ಪವರನ್ನು ಕಾರ್ನಿಯಾದ ಬಾಗು ಮತ್ತು ಕಣ್ಣಿನ ಉದ್ದ ಅಳೆದು ನಿರ್ಧರಿಸುತ್ತಾರೆ. ಸಮೀಪದೃಷ್ಟಿಗೆ ಲೇಸರ್ ಆಗಿ ಚಪ್ಪಟೆಯಾದ ಕಾರ್ನಿಯಾವನ್ನು ಮಾಮೂಲಿ ಸೂತ್ರಕ್ಕೆ ಹಾಕಿದರೆ ಬೇಕಾದ್ದಕ್ಕಿಂತ ಕಡಿಮೆ ಪವರಿನ ಲೆನ್ಸ್ ಬಂದು ಕೂರುತ್ತದೆ. ಪೊರೆ ಹೋದರೂ ದೃಷ್ಟಿ ಮಸುಕು. ಲೇಸರ್ ಆದ ಕಣ್ಣಿಗೆಂದೇ ಸೂತ್ರಗಳಿವೆ, ಆದರೆ ಆಗಿದೆ ಎಂದು ವೈದ್ಯರಿಗೆ ತಿಳಿದರೆ ತಾನೆ? ಹೊರಗಿನಿಂದ ನೋಡಿದರೆ ಅದು ಸುಲಭಕ್ಕೆ ಗೊತ್ತಾಗುವುದಿಲ್ಲ.

ಲೇಸರ್‌ಗೆ ಮುಂಚಿನ ಕನ್ನಡಕದ ನಂಬರ್, ಕಾರ್ನಿಯಾದ ಬಾಗು ಮತ್ತು ದಪ್ಪ, ತೆಗೆದ ಮೈಕ್ರಾನ್, ಚಿಕಿತ್ಸೆಯ ಬಗೆ ಮತ್ತು ದಿನಾಂಕ ಇಷ್ಟೂ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಬಿಡುಗಡೆಯ ದಿನವೇ ಅದನ್ನು ಕನ್ನಡದಲ್ಲಿ ಬರೆದು ರೋಗಿಯ ಕೈಗೆ ಕೊಡಬೇಕು. ಇನ್ನೊಂದು ಪ್ರತಿ ಗುಂಡ್ಲುಪೇಟೆಯವರಾದರೆ ಅಲ್ಲಿನ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಕಡತಕ್ಕೆ, ಚಾಮರಾಜನಗರದವರಾದರೆ ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಡತಕ್ಕೆ ಸೇರಬೇಕು.